ಅವರೆಗೆ ಕರಿ ಹೇನು ಬಿದ್ದಿದೆ, ಗುಲಗಂಜಿ ಹುಳುವೂ ಇದೆ: ಔಷಧಿ ಹೊಡೀಬೇಕಾ?

ಪ್ರಶ್ನೆ: ಮೇಡಂ, ಮಾಲೂರು ಹತ್ತಿರ ನಮ್ಮದು ಅರ್ಧ ಎಕರೆ ಅವರೆ. ಹೂ ಬಿಡುವ ಹೊತ್ತಿಗೆ ಕುಡಿಗಳ ತುಂಬ ಕರಿ ಹೇನು ಬಿದ್ದಿದೆ, ಎಲೆಯೆಲ್ಲ ಅಂಟು ಅಂಟು. ಅದರ ಜೊತೆಗೇ ಕಿತ್ತಳೆ ಬಣ್ಣದ, ಬೆನ್ನ ಮೇಲೆ ಕಪ್ಪು ಸೊಟ್ಟ ಗೀರು ಇರುವ ಗುಲಗಂಜಿ ಹುಳುಗಳೂ ಕಾಣುತ್ತಿವೆ. ಇನ್ನೊಂದು ಕಪ್ಪು ಹುಳು ಇದೆ, ಪುಟ್ಟ ಮೊಸಳೆ ಥರ. ಅದನ್ನು ಸಿಕ್ಕಲ್ಲೆಲ್ಲ ಹೊಸಕಿ ಹಾಕಿದ್ದೇನೆ. ಹೇನೇ ಬೆಳೆದು ಗುಲಗಂಜಿ ಹುಳು ಆಗುತ್ತೆ ಅಂತಾರೆ ನಮ್ಮೂರಲ್ಲಿ, ನಿಜಾನಾ? ಅದು ಹೇನು ತಿನ್ನೋದೇ ಆದರೆ ಹೇನು ಯಾಕೆ ಕಡಿಮೆ ಆಗ್ತಿಲ್ಲ? ಔಷಧಿ ಅಂಗಡಿಯವರು ಇವತ್ತೇ ಹೊಡೀರಿ ಅಂತಿದ್ದಾರೆ.

ಉತ್ತರ: ಮೊದಲು ಆ ಮೊಸಳೆ ಥರದ ಹುಳುವಿನ ವಿಷಯ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ನೀವು ಹೊಲಕ್ಕೆ ಹೋಗುವ ಮುಂಚೆ ಇದು ಗೊತ್ತಿರಬೇಕು. ಅದು ಗುಲಗಂಜಿ ಹುಳುವಿನ ಮರಿ. ದಯವಿಟ್ಟು ಹೊಸಕಬೇಡಿ. ಕಪ್ಪು ಮೈ, ಅಲ್ಲಲ್ಲಿ ಬಿಳಿ ಹಳದಿ ಮಚ್ಚೆ, ಸಣ್ಣ ಮುಳ್ಳು ಎದ್ದಂಥ ಬೆನ್ನು, ಆರು ಉದ್ದ ಕಾಲು, ಬಾಲದ ಕಡೆಗೆ ಸಣ್ಣಗಾಗುವ ದೇಹ. ತಾಯಿಗೂ ಮರಿಗೂ ಒಂದು ಚೂರೂ ಹೋಲಿಕೆ ಇಲ್ಲ, ಹಾಗಾಗಿ ಗುರುತು ಸಿಗುವುದಿಲ್ಲ. ನಾನು ಹೋದ ಎಷ್ಟೋ ಹೊಲಗಳಲ್ಲಿ ರೈತರು ದೊಡ್ಡ ಹುಳುವನ್ನು ಪ್ರೀತಿಯಿಂದ ಬಿಡುತ್ತಾರೆ, ಮರಿಯನ್ನು ಸಾಯಿಸುತ್ತಾರೆ. ಆದರೆ ಹೇನಿನ ಗುಂಪಿನ ಮಧ್ಯದಲ್ಲೇ ಕೂತು, ಎಲ್ಲಿಗೂ ಹಾರಿಹೋಗದೆ, ಹೊಟ್ಟೆ ತುಂಬ ತಿನ್ನುವುದು ಆ ಮರಿಯೇ.

ಹೇನು ಬೆಳೆದು ಗುಲಗಂಜಿ ಹುಳು ಆಗುವುದಿಲ್ಲ. ಎರಡೂ ಯಾವಾಗಲೂ ಒಂದೇ ಕುಡಿಯಲ್ಲಿ ಕಾಣುವುದರಿಂದ ಹಿರಿಯರಿಗೆ ಹಾಗೆ ಅನ್ನಿಸಿರಬಹುದು. ಹೇನು ತಿಗಣೆಯ ಬಳಗದ್ದು, ಗುಲಗಂಜಿ ಹುಳು ದುಂಬಿಯ ಬಳಗದ್ದು. ನೀವು ಬರೆದಿರುವ ಗುರುತು ನೋಡಿದರೆ ನಿಮ್ಮ ಹೊಲದ ಹೇನು ಏಫಿಸ್ ಕ್ರ್ಯಾಕ್ಸಿವೋರಾ. ಅಲಸಂದೆ, ಅವರೆ, ಕಡಲೆಕಾಯಿ, ಬೇಲಿಯ ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಎಲ್ಲದರ ಎಳೆ ಕುಡಿಗೂ ಬೀಳುವುದು ಇದೇ. ಬೆಳೆದ ಹೇನು ಎಣ್ಣೆ ಹಚ್ಚಿದ ಹಾಗೆ ಮಿರಮಿರ ಕಪ್ಪು, ಅದರ ಮರಿಗಳು ಬೂದಿ ಎರಚಿದ ಹಾಗೆ ಮಂಕು ಬಣ್ಣ. ಉದ್ದ ಎರಡು ಮಿಲಿಮೀಟರಿನ ಒಳಗೇ. ಗುಲಗಂಜಿ ಹುಳುವಿನ ಹೆಸರು ಕೈಲೋಮಿನಿಸ್ ಸೆಕ್ಸ್‌ಮ್ಯಾಕ್ಯುಲೇಟಾ. ಬೆನ್ನ ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ, ಎರಡೂ ಪಕ್ಕ ಅಡ್ಡಡ್ಡ ಸೊಟ್ಟ ಗೀರು, ಹಿಂದುಗಡೆ ಒಂದೊಂದು ಚುಕ್ಕೆ. 1781ರಲ್ಲಿ ಫ್ಯಾಬ್ರೀಷಿಯಸ್ ಎಂಬ ವಿಜ್ಞಾನಿ ಇದಕ್ಕೆ ಇಟ್ಟ ಹೆಸರಿನ ಅರ್ಥ ಆರು ಚುಕ್ಕೆಯದ್ದು ಅಂತ. ನಮ್ಮ ಕಣ್ಣಿಗೆ ಚುಕ್ಕೆಗಿಂತ ಗೀರೇ ಜಾಸ್ತಿ ಕಾಣುತ್ತದೆ. ಬಣ್ಣವೂ ಒಂದೇ ಥರ ಇರುವುದಿಲ್ಲ, ಹಳದಿಯಿಂದ ಕೆಂಪಿನವರೆಗೆ ಬದಲಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ತಿನ್ನುವವರು ಇದ್ದರೂ ಹೇನು ಯಾಕೆ ಕಡಿಮೆ ಆಗಿಲ್ಲ?

ಉತ್ತರ ಇರುವುದು ಇವೆರಡೂ ಹುಟ್ಟುವ ವೇಗದಲ್ಲಿ. ಒಂದು ಭೂತಗನ್ನಡಿ ಇದ್ದರೆ ತಗೊಂಡು ಹೋಗಿ, ಬೆಳಗಿನ ಬಿಸಿಲಿನಲ್ಲಿ ಒಂದು ಕುಡಿಯನ್ನು ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂರಿ. ದೊಡ್ಡ ಕರಿ ಹೇನೊಂದು ಸೂಜಿಯಂಥ ಬಾಯಿಯನ್ನು ಗಿಡಕ್ಕೆ ಚುಚ್ಚಿಕೊಂಡು ಅಲ್ಲಾಡದೆ ನಿಂತಿರುತ್ತದೆ. ಅದರ ಹಿಂಬದಿಯಿಂದ ಮಸುಕಾದ ಒಂದು ಪುಟ್ಟ ಮರಿ, ಬಾಲ ಮೊದಲು ತಲೆ ಕೊನೆಗೆ, ಮೆಲ್ಲಗೆ ಜಾರಿ ಬರುತ್ತದೆ. ಕಾಲುಗಳು ಮೈಗೆ ಅಂಟಿಕೊಂಡಿರುತ್ತವೆ, ಆಮೇಲೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಇಷ್ಟೆಲ್ಲ ಆಗುವಾಗ ತಾಯಿ ರಸ ಹೀರುವುದನ್ನು ನಿಲ್ಲಿಸುವುದೇ ಇಲ್ಲ. ಮೊಟ್ಟೆ ಇಲ್ಲ, ಗಂಡು ಇಲ್ಲ. ನಮ್ಮಂಥ ಬಿಸಿ ನಾಡಿನಲ್ಲಿ ಈ ಹೇನಿನ ಸಂಸಾರ ಹೆಣ್ಣುಗಳಿಂದಲೇ ನಡೆಯುತ್ತದೆ. ಅಮ್ಮನ ಹೊಟ್ಟೆಯಲ್ಲಿ ಮಗಳು ಇರುವಾಗಲೇ ಆ ಮಗಳ ಹೊಟ್ಟೆಯಲ್ಲಿ ಮೊಮ್ಮಗಳು ಬೆಳೆಯೋಕೆ ಶುರುವಾಗಿರುತ್ತಾಳೆ. ಮೂರು ತಲೆಮಾರು ಒಂದೇ ಮೈಯಲ್ಲಿ!

ಹುಟ್ಟಿದ ಮರಿ ನಾಲ್ಕು ಸಲ ಪೊರೆ ಬಿಟ್ಟು, ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ವಾರಕ್ಕೆ ತಾನೇ ಹೆರೋಕೆ ಶುರು ಮಾಡುತ್ತದೆ. ಆಮೇಲೆ ದಿನಾ ಕೆಲವು ಮರಿ. ಲೆಕ್ಕಕ್ಕೆ ಅಂತ ಒಂದು ಹೇನು ತನ್ನ ಬಾಳಿನಲ್ಲಿ ಬರೀ ಐವತ್ತು ಹೆಣ್ಣು ಹೆರುತ್ತದೆ ಅಂತಿಟ್ಟುಕೊಳ್ಳಿ. ಎಲ್ಲವೂ ಬದುಕಿದರೆ ಮೊಮ್ಮಕ್ಕಳು 2,500, ಮರಿಮಕ್ಕಳು 1,25,000. ಹೊಲದಲ್ಲಿ ಎಲ್ಲವೂ ಬದುಕುವುದಿಲ್ಲ, ಮಳೆ ಹೊಡೆಯುತ್ತದೆ, ಶತ್ರುಗಳು ತಿನ್ನುತ್ತವೆ. ಆದರೂ ನಾಲ್ಕು ದಿನ ಹೊಲದ ಕಡೆ ಹೋಗದೆ ಇದ್ದು ಆಮೇಲೆ ನೋಡಿದಾಗ ಕುಡಿ ಪೂರ್ತಿ ಕಪ್ಪಾಗಿರುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ.

ಗುಲಗಂಜಿ ಹುಳುವಿನ ದಾರಿಯೇ ಬೇರೆ. ಅದು ಹೇನು ಇರುವ ಜಾಗಕ್ಕೆ ಹಾರಿ ಬರಬೇಕು, ತಿನ್ನಬೇಕು, ಗಂಡು ಹೆಣ್ಣು ಕೂಡಬೇಕು, ಮೊಟ್ಟೆ ಇಡಬೇಕು. ಮೊಟ್ಟೆ ಹಳದಿ ಬಣ್ಣದ್ದು, ಪುಟ್ಟ ಕದಿರಿನ ಆಕಾರ, ಎಲೆಯ ತಳಭಾಗದಲ್ಲಿ ನೆಟ್ಟಗೆ ನಿಲ್ಲಿಸಿ ಗುಂಪಾಗಿ ಜೋಡಿಸಿರುತ್ತದೆ. ಅದು ಒಡೆಯೋಕೆ ಎರಡರಿಂದ ನಾಲ್ಕು ದಿನ. ಮರಿ ಬೆಳೆಯೋಕೆ ಒಂದು ವಾರದಿಂದ ಹತ್ತು ದಿನ. ಆಮೇಲೆ ಎಲೆಗೆ ಬಾಲ ಅಂಟಿಸಿಕೊಂಡು ಕೋಶವಾಗಿ ಮೂರು ನಾಲ್ಕು ದಿನ. ಮೊಟ್ಟೆಯಿಂದ ದೊಡ್ಡ ಹುಳು ಆಗುವ ತನಕ ಒಟ್ಟು ಎರಡು ವಾರದಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ಹೇನಿನ ಎರಡು ತಲೆಮಾರು ಮುಗಿದಿರುತ್ತದೆ. ಹಾಗಾಗಿ ಗುಲಗಂಜಿ ಹುಳು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಬರುತ್ತದೆ. ಹೇನು ಏರಿದ ಮೇಲೆ ಇದು ಏರುತ್ತದೆ. ನಡುವೆ ಒಂದು ವಾರ, ಕೆಲವು ಸಲ ಹತ್ತು ದಿನದ ಅಂತರ ಬೀಳುತ್ತದೆ. ನೀವು ಈಗ ನಿಂತಿರುವುದು ಸರಿಯಾಗಿ ಆ ಅಂತರದಲ್ಲಿ. ಹೇನು ತುಂಬಿದೆ, ಮರಿಹುಳುಗಳು ಈಗಷ್ಟೇ ದೊಡ್ಡದಾಗುತ್ತಿವೆ. ನಮ್ಮ ಜನ ಹೆದರಿ ಪಂಪು ಬೆನ್ನಿಗೇರಿಸುವುದು ಇದೇ ವಾರದಲ್ಲಿ.

ಹೊಡೆದರೆ ಏನಾಗುತ್ತದೆ ಅಂದರೆ, ಹೇನು ನೂರಕ್ಕೆ ನೂರು ಸಾಯುವುದಿಲ್ಲ. ಸುರುಳಿ ಸುತ್ತಿದ ಎಲೆಯ ಒಳಗೆ, ಹೂಗೊಂಚಲಿನ ಸಂದಿಯಲ್ಲಿ ನಾಲ್ಕಾರು ಉಳಿದೇ ಉಳಿಯುತ್ತವೆ. ಮರೆಯಿಲ್ಲದೆ ಎಲೆ ಮೇಲೆಲ್ಲ ಓಡಾಡುವ ಗುಲಗಂಜಿ ಮರಿಗಳು ಮಾತ್ರ ಹೆಚ್ಚು ಕಡಿಮೆ ಎಲ್ಲವೂ ಸಾಯುತ್ತವೆ. ಉಳಿದ ನಾಲ್ಕು ಹೇನಿಗೆ ಈಗ ತಿನ್ನುವವರೇ ಇಲ್ಲ. ಒಂದೇ ಒಂದು ಹೇನು ಸಾಕು, ಗಂಡೂ ಬೇಡ, ಸಂಸಾರ ಮತ್ತೆ ಶುರು. ಗುಲಗಂಜಿ ಹುಳು ಮತ್ತೆ ಎಲ್ಲಿಂದಲೋ ಹಾರಿ ಬಂದು, ಕೂಡಿ, ಮೊಟ್ಟೆ ಇಟ್ಟು, ಎರಡು ವಾರ ಕಾಯಬೇಕು. ಎರಡನೇ ಸಲ ಹೇನು ಮೊದಲಿಗಿಂತ ಜೋರಾಗಿ ಬಂತು, ಔಷಧಿ ಕಲಬೆರಕೆ ಇರಬೇಕು ಅಂತ ಜನ ಅಂಗಡಿಯವರ ಮೇಲೆ ಸಿಟ್ಟಾಗುತ್ತಾರೆ. ಎಷ್ಟೋ ಸಲ ಔಷಧಿ ಸರಿಯಾಗಿಯೇ ಇರುತ್ತದೆ. ಅದು ಸಾಯಿಸಬಾರದವರನ್ನು ಮೊದಲು ಸಾಯಿಸಿರುತ್ತದೆ, ಅಷ್ಟೇ.

ಕೀಟಶಾಸ್ತ್ರ ಓದಿದವರು ಯಾವಾಗಲೂ ಒಂದು ಹಳೇ ಕಥೆ ಹೇಳುತ್ತಾರೆ. 1888ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಿತ್ತಳೆ, ನಿಂಬೆ ತೋಟಗಳು ಗಿಡಕ್ಕೆ ಅಂಟಿಕೊಂಡು ರಸ ಹೀರುವ, ಹತ್ತಿಯಂಥ ಬಿಳಿ ಶಲ್ಕ ಕೀಟದಿಂದ ನಾಶವಾಗುತ್ತಿದ್ದವು. ಆಲ್ಬರ್ಟ್ ಕೊಬೆಲೆ ಎಂಬಾತ ಆಸ್ಟ್ರೇಲಿಯಕ್ಕೆ ಹೋಗಿ ರೊಡೋಲಿಯಾ ಎಂಬ ಗುಲಗಂಜಿ ಹುಳುವನ್ನು ಹುಡುಕಿ ಕಳಿಸಿದರು. ಒಂದೆರಡು ವರ್ಷದಲ್ಲೇ ತೋಟಗಳು ಚೇತರಿಸಿಕೊಂಡವು. ಇದನ್ನು ಕೇಳಿದವರು, ಅಲ್ಲಿ ಆಗಿದ್ದು ನಮ್ಮ ಅವರೆ ಹೊಲದಲ್ಲಿ ಯಾಕೆ ಆಗಲ್ಲ ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆ ಶಲ್ಕ ಕೀಟ ನಿಧಾನವಾಗಿ ಬೆಳೆಯುತ್ತದೆ, ಅದನ್ನು ತಿನ್ನುವ ಗುಲಗಂಜಿ ಹುಳು ಅದಕ್ಕಿಂತ ಬೇಗ ಬೆಳೆಯುತ್ತದೆ. ಹಾಗಾಗಿ ಓಟದಲ್ಲಿ ಗುಲಗಂಜಿ ಹುಳು ಗೆದ್ದಿತು. ಹೇನಿನ ವಿಷಯದಲ್ಲಿ ಲೆಕ್ಕ ಉಲ್ಟಾ, ಇಲ್ಲಿ ಊಟವೇ ಉಣ್ಣುವವನಿಗಿಂತ ಬೇಗ ಬೆಳೆಯುತ್ತದೆ. ಆದ್ದರಿಂದ ಗುಲಗಂಜಿ ಹುಳು ನಿಮ್ಮ ಹೊಲದ ಹೇನನ್ನು ಪೂರ್ತಿ ಇಲ್ಲದ ಹಾಗೆ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಏರುವುದನ್ನು ತಡೆಯುತ್ತದೆ, ಏರಿದ್ದನ್ನು ಇಳಿಸುತ್ತದೆ. ಬೆಳೆ ಕೈಗೆ ಬರೋಕೆ ಅಷ್ಟು ಸಾಕು.

ತಾಯಿ ಗುಲಗಂಜಿ ಹುಳುವಿಗೂ ಈ ಲೆಕ್ಕ ಗೊತ್ತಿರುವ ಹಾಗೆ ಕಾಣುತ್ತದೆ. ಹೇನು ಈಗಷ್ಟೇ ಏರುತ್ತಿರುವ ಎಳೇ ಗುಂಪಿನ ಹತ್ತಿರ ಮೊಟ್ಟೆ ಇಡುತ್ತದೆ. ಬೇರೆ ಮರಿಹುಳುಗಳು ಓಡಾಡಿ ವಾಸನೆ ಬಿಟ್ಟ ಜಾಗ ಸಿಕ್ಕಿದರೆ ಅಲ್ಲಿ ಮೊಟ್ಟೆ ಇಡೋಕೆ ಹಿಂಜರಿಯುತ್ತದೆ. ಕಾರಣ ಇದೆ. ಹೇನು ಮುಗಿದುಹೋದರೆ ಮರಿಗಳು ಹಸಿದು ಒಂದನ್ನೊಂದು ತಿನ್ನುತ್ತವೆ. ಮೊದಲು ಹೊರಬಂದ ಮರಿ ಪಕ್ಕದಲ್ಲಿರುವ ಒಡೆಯದ ಮೊಟ್ಟೆಯನ್ನೇ ತಿಂದುಬಿಡುತ್ತದೆ, ಒಡಹುಟ್ಟಿದ್ದು ಅಂತೆಲ್ಲ ನೋಡುವುದಿಲ್ಲ.

ಆ ಮರಿ ಬೇಟೆಯಾಡುವುದನ್ನು ನೋಡಬೇಕು ನೀವು. ಕಣ್ಣು ಅಷ್ಟೇನೂ ಚುರುಕಲ್ಲ. ಕಾಂಡ ಹಿಡಿದು ಮೇಲಕ್ಕೆ ಮೇಲಕ್ಕೆ ಹತ್ತುತ್ತದೆ, ಎಲೆಯ ಅಂಚು, ನರ ಹಿಡಿದು ನಡೆಯುತ್ತದೆ, ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ಹೆಚ್ಚು ಕಡಿಮೆ ತಡಕಾಡಿಕೊಂಡೇ ಹೋಗುತ್ತದೆ. ಹೇನು ತಗುಲಿತೋ, ಕಾಲೋ ಮೈಯೋ ಸಿಕ್ಕಿದ್ದನ್ನು ಕಚ್ಚಿ ಹಿಡಿಯುತ್ತದೆ. ಹೇನು ಒದೆಯುತ್ತದೆ, ಎಳೆದಾಡುತ್ತದೆ. ಮರಿ ಬಾಲದ ತುದಿಯಿಂದ ಎಲೆಗೆ ಅಂಟಿಕೊಂಡು ಬಿಡದೆ ನಿಲ್ಲುತ್ತದೆ. ಒಂದು ತಿಂದಾದ ಮೇಲೆ ಅದರ ನಡಿಗೆಯೇ ಬದಲಾಗುತ್ತದೆ. ನೇರ ಹೋಗುವುದನ್ನು ಬಿಟ್ಟು ಅಲ್ಲೇ ಗಿರಗಿರ ತಿರುಗಿ ಹುಡುಕುತ್ತದೆ. ಹೇನು ಒಂಟಿಯಾಗಿ ಇರುವುದಿಲ್ಲವಲ್ಲ, ಒಂದು ಸಿಕ್ಕಿದ ಕಡೆ ಹತ್ತು ಇದ್ದೇ ಇರುತ್ತವೆ. ಚಿಕ್ಕ ಮರಿಗಳು ಹೇನಿನ ರಸ ಹೀರಿ ಸಿಪ್ಪೆ ಬಿಡುತ್ತವೆ, ದೊಡ್ಡವು ಪೂರ್ತಿ ಅಗಿದು ನುಂಗುತ್ತವೆ. ಕೋಶ ಆಗುವ ತನಕ ಒಂದು ಮರಿ ನೂರಾರು ಹೇನು ಮುಗಿಸುತ್ತದೆ. ದೊಡ್ಡ ಹುಳುವೂ ದಿನಕ್ಕೆ ಹತ್ತಾರು ತಿನ್ನುತ್ತದೆ.

ಹೇನು ಸುಮ್ಮನೆ ಕೂತು ತಿನ್ನಿಸಿಕೊಳ್ಳುವುದಿಲ್ಲ. ಅದರ ಹಿಂಬದಿಯಲ್ಲಿ ಎರಡು ಸಣ್ಣ ಕೊಳವೆ ಇವೆ, ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಹಿಡಿದಾಗ ಅದರಿಂದ ಒಂದು ಹನಿ ಬಿಡುತ್ತದೆ, ಆ ವಾಸನೆಗೆ ಪಕ್ಕದ ಹೇನುಗಳು ಬಾಯಿ ಕಿತ್ತುಕೊಂಡು ಓಡುತ್ತವೆ, ಕೆಲವು ನೆಲಕ್ಕೇ ಬೀಳುತ್ತವೆ. ಗುಂಪು ಒತ್ತೊತ್ತಾದರೆ ಮುಂದಿನ ತಲೆಮಾರಿಗೆ ರೆಕ್ಕೆ ಬರುತ್ತದೆ, ಗಾಳಿಯಲ್ಲಿ ತೇಲಿ ಬೇರೆ ಹೊಲಕ್ಕೆ ಹೋಗುತ್ತವೆ. ಎಲ್ಲಕ್ಕಿಂತ ದೊಡ್ಡ ಕಾವಲು ಇರುವೆ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಮೈ ಬೆಳೆಸುವ ಸತ್ವ ಕಡಿಮೆ. ಆ ಸತ್ವದ ಕೊರತೆಯನ್ನು ಹೇನಿನ ಮೈಯೊಳಗಿನ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ ತುಂಬಿಕೊಡುತ್ತದೆ. ಹೆಚ್ಚಾದ ಸಕ್ಕರೆ ಸಿಹಿ ನೀರಾಗಿ ಹೊರಗೆ ಬರುತ್ತದೆ. ನಿಮ್ಮ ಎಲೆ ಅಂಟು ಅಂಟಾಗಿರುವುದು ಅದರಿಂದಲೇ, ಮುಂದೆ ಅದರ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಆ ಸಿಹಿಗೆ ಇರುವೆ ಬರುತ್ತದೆ, ಬಂದ ಇರುವೆ ಗುಲಗಂಜಿ ಹುಳುವನ್ನು ಅಟ್ಟುತ್ತದೆ. ಹಾಗಾಗಿ ಯಾವ ಸಾಲಿನಲ್ಲಿ ಇರುವೆ ಜಾಸ್ತಿ ಹರಿದಾಡುತ್ತಿದೆಯೋ ಅಲ್ಲಿ ಹೇನು ಬೇಗ ಇಳಿಯುವುದಿಲ್ಲ, ಆ ಸಾಲುಗಳನ್ನು ಬೇರೆಯಾಗಿಯೇ ಗಮನಿಸಿ. ಅಂದಹಾಗೆ ಗುಲಗಂಜಿ ಹುಳುವನ್ನು ಬೆರಳಲ್ಲಿ ಹಿಡಿದರೆ ಕಾಲಿನ ಕೀಲುಗಳಿಂದ ಹಳದಿ ದ್ರವ ಬರುತ್ತದೆ, ಕಹಿ ವಾಸನೆ. ಗಾಯ ಆಯಿತು ಅಂತ ಗಾಬರಿ ಬೇಡ. ಹಕ್ಕಿ ತಿನ್ನದಿರಲಿ ಅಂತ ಅದು ಮಾಡುವ ಉಪಾಯ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೆನ್ನ ಮೇಲೆ ಚುಕ್ಕೆ ಇರುವ ದುಂಡನೆಯ ಹುಳುಗಳೆಲ್ಲ ಸ್ನೇಹಿತರಲ್ಲ. ಅವರೆ ಪಕ್ಕದಲ್ಲಿ ಬದನೆ ಹಾಕಿದ್ದರೆ ಅದರ ಎಲೆಯನ್ನು ಜರಡಿಯ ಹಾಗೆ ಕೆರೆದು ತಿನ್ನುವ ಒಂದು ಹುಳು ಸಿಗುತ್ತದೆ. ಅದೂ ಇದೇ ಮನೆತನದ್ದು, ಎಪಿಲಾಕ್ನಾ ಅಂತ. ಅದಕ್ಕೆ ಹೊಳಪು ಇಲ್ಲ, ಮೈಮೇಲೆ ಸಣ್ಣ ರೋಮ ಇರುವುದರಿಂದ ಮಂಕಾಗಿ ಕಾಣುತ್ತದೆ, ಚುಕ್ಕೆಗಳು ಇಪ್ಪತ್ತೆಂಟರವರೆಗೆ. ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಅದನ್ನು ಆರಿಸಿ ಸಾಯಿಸಿ, ಅಭ್ಯಂತರ ಇಲ್ಲ.

ಇನ್ನು ನೀವು ಏನು ಮಾಡಬೇಕು. ಹೊಲದಲ್ಲಿ ಅಡ್ಡಾಡಿ ಅಲ್ಲಲ್ಲಿ ಇಪ್ಪತ್ತು ಗಿಡ ಆರಿಸಿ, ಹೇನು ಬಿದ್ದ ಒಂದೊಂದು ಕುಡಿಯನ್ನು ಹತ್ತಿರದಿಂದ ನೋಡಿ. ಎಲೆ ತಿರುವಿ ತಳಭಾಗವನ್ನೂ ನೋಡಿ. ಗುಲಗಂಜಿ ಮರಿ, ಹಳದಿ ಮೊಟ್ಟೆ, ಕೋಶ, ಜೊತೆಗೆ ಹೊಟ್ಟೆ ಉಬ್ಬಿ ಕಂದು ಬಣ್ಣಕ್ಕೆ ತಿರುಗಿ ಒಣಗಿ ಕೂತ ಹೇನು ಇವೆಯಾ ಅಂತ ಹುಡುಕಿ. ಆ ಉಬ್ಬಿದ ಹೇನಿನ ಒಳಗೆ ಪುಟ್ಟ ಕಣಜವೊಂದು ಬೆಳೆಯುತ್ತಿರುತ್ತದೆ, ಅದೂ ನಮ್ಮ ಕಡೆಯದ್ದೇ. ಅರ್ಧಕ್ಕಿಂತ ಜಾಸ್ತಿ ಕುಡಿಗಳಲ್ಲಿ ಇವು ಸಿಕ್ಕಿದರೆ ನಾನಾಗಿದ್ದರೆ ಐದಾರು ದಿನ ಏನೂ ಹೊಡೆಯುತ್ತಿರಲಿಲ್ಲ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮಲ್ಲಿ ಸಿಗುತ್ತವೆ ಅಂತಲೇ ನನ್ನ ಅಂದಾಜು, ಹೊಸಕುವಷ್ಟು ಮರಿಗಳು ಇದ್ದವಲ್ಲ. ನಾಲ್ಕೈದು ಕುಡಿಗೆ ಕೆಂಪು ದಾರ ಕಟ್ಟಿಡಿ, ಎರಡು ದಿನಕ್ಕೊಮ್ಮೆ ಅವನ್ನೇ ನೋಡಿ. ಬೇರೆ ಬೇರೆ ಕುಡಿ ನೋಡಿದರೆ ಹೇನು ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುವುದಿಲ್ಲ.

ತೀರಾ ಕೆಟ್ಟು ಮುದುಡಿದ ಕುಡಿಗಳನ್ನು ಚಿವುಟಿ ತೆಗೆಯಿರಿ, ಆದರೆ ಮೊದಲು ಮರಿಹುಳು ಇದ್ದರೆ ಪಕ್ಕದ ಗಿಡಕ್ಕೆ ದಾಟಿಸಿ. ನೀರಿನ ಪೈಪು ಇದ್ದರೆ ಹೇನನ್ನು ನೀರಿನ ಹೊಡೆತದಲ್ಲಿ ಉದುರಿಸಬಹುದು. ಒಂದು ಜೋರು ಮಳೆ ಬಂದರೆ ಹೇನು ತಾನಾಗೇ ತೊಳೆದುಹೋಗುವುದನ್ನು ನೀವೇ ನೋಡಿರುತ್ತೀರಿ, ಅದೇ ಕೆಲಸ. ಯಾವ ಸಾಲಿನಲ್ಲಿ ಮರಿಹುಳು ಒಂದೂ ಇಲ್ಲದೆ ಹೇನು ಹೂವಿಗೂ ಎಳೆ ಕಾಯಿಗೂ ಇಳಿದಿದೆಯೋ, ಆ ಸಾಲಿಗೆ ಮಾತ್ರ ಬೇವಿನ ಎಣ್ಣೆಯನ್ನೋ ಬೇವಿನ ಸೋಪನ್ನೋ ಪೊಟ್ಟಣದ ಮೇಲೆ ಬರೆದ ಅಳತೆಗೆ ಕಲಸಿ ಸಂಜೆ ಹೊತ್ತು ಹೊಡೆಯಿರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿದ ಬೇವಿನ ಸೋಪು ಒಳ್ಳೆಯದಿದೆ. ಇದೂ ಮರಿಹುಳುವಿನ ಮೈಗೆ ಬಿದ್ದರೆ ತೊಂದರೆಯೇ, ಅದಕ್ಕೇ ಇಡೀ ಹೊಲಕ್ಕೆ ಬೇಡ ಅಂದಿದ್ದು. ಡೈಮಿಥೋಯೇಟ್, ಇಮಿಡಾಕ್ಲೋಪ್ರಿಡ್ ಥರದ ರಾಸಾಯನಿಕ ಔಷಧಿ ಹೂ ಬಿಟ್ಟ ಅವರೆಗೆ ಬೇಡವೇ ಬೇಡ. ಜೇನು, ಭ್ರಮರ ಎಲ್ಲ ಬರುವ ಹೊತ್ತು. ಮೇಲಾಗಿ ಕಾಯಿಯನ್ನು ನೀವು ಕೆಲವು ದಿನಕ್ಕೊಮ್ಮೆ ಬಿಡಿಸುತ್ತಲೇ ಇರುತ್ತೀರಿ, ಔಷಧಿ ಹೊಡೆದ ಮೇಲೆ ಕಾಯಬೇಕಾದಷ್ಟು ದಿನ ಯಾರು ಕಾಯುತ್ತಾರೆ? ಅದನ್ನು ತಿನ್ನುವುದು ನಿಮ್ಮ ಮನೆಯವರು, ನಮ್ಮ ಮನೆಯವರು.

ಎಲೆ ಹಳದಿ ಹಸಿರು ಮಚ್ಚೆ ಮಚ್ಚೆಯಾಗಿದ್ದರೆ ಅದೆಲ್ಲ ಹೇನಿನಿಂದಲೇ ಅಂತ ತಿಳಿಯಬೇಡಿ. ಅವರೆಯ ಹಳದಿ ನಂಜು ರೋಗ ತರುವುದು ಬಿಳಿ ನೊಣ. ಹೇನು ತರುವ ಮೊಸಾಯಿಕ್ ರೋಗದ ಕಾಟ ಅಲಸಂದೆಗೆ ಜಾಸ್ತಿ, ಅದನ್ನು ಹೇನು ಒಂದೆರಡು ನಿಮಿಷ ಚುಚ್ಚಿ ನೋಡುವುದರಲ್ಲೇ ಅಂಟಿಸಿ ಹೋಗುವುದರಿಂದ ಔಷಧಿ ಹೊಡೆದು ತಡೆಯೋಕೂ ಆಗುವುದಿಲ್ಲ.

ಗುಲಗಂಜಿ ಹುಳು ಕೊಂಡು ತಂದು ಬಿಡಬಹುದಾ ಅಂತ ಮುಂದೆ ನೀವು ಕೇಳಬಹುದು, ತುಂಬ ಜನ ಕೇಳುತ್ತಾರೆ. ದ್ರಾಕ್ಷಿಯ ಹಿಟ್ಟು ತಿಗಣೆಗೆ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ಸಾಕಿ ಬಿಡುವ ಪದ್ಧತಿ ಇದೆ. ಅದು 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆ ಅಂತ ಆಸ್ಟ್ರೇಲಿಯದಿಂದ ನಮ್ಮ ದೇಶಕ್ಕೆ ಬಂದದ್ದು. ಅವರೆ ಹೇನಿಗೆ ಕೊಳ್ಳುವ ಅಗತ್ಯ ಇಲ್ಲ, ತಂದು ಬಿಟ್ಟ ದೊಡ್ಡ ಹುಳುಗಳು ಹಾರಿಯೂ ಹೋಗುತ್ತವೆ. ಅದರ ಬದಲು ಅವು ತಾವಾಗಿ ಬಂದು ನಿಲ್ಲುವ ಹಾಗೆ ಮಾಡಿ. ನಮ್ಮ ಹಿರಿಯರು ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರಲ್ಲ, ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಅಂತ, ಅದರಲ್ಲಿ ಸಾಸಿವೆಯ ಹೇನು ಬೇರೆ ಜಾತಿ, ಅವರೆಗೆ ದಾಟುವುದಿಲ್ಲ, ಆದರೆ ಅದನ್ನು ತಿಂದು ಬೆಳೆದ ಗುಲಗಂಜಿ ಹುಳು ಪಕ್ಕದ ಅವರೆಗೆ ದಾಟುತ್ತದೆ. ಮುಸುಕಿನ ಜೋಳದ ಹೇನೂ ಹೀಗೇ. ಹತ್ತಿ ಬೆಳೆಯುವವರಿಗೆ ನಡುವೆ ಅಲಸಂದೆ ಸಾಲು ಹಾಕಿ ಅಂತ ನಾವು ಹೇಳುವುದೂ ಇದೇ ಕಾರಣಕ್ಕೆ. ಅಲಸಂದೆಗೆ ಬೀಳುವುದು ನಿಮ್ಮ ಹೊಲದ ಇದೇ ಕರಿ ಹೇನು, ಅದರ ಮೇಲೆ ಬೆಳೆದ ಗುಲಗಂಜಿ ಹುಳು ಹತ್ತಿಯ ಹೇನನ್ನು ಹಿಡಿಯುತ್ತದೆ. ಮುಂದಿನ ವರ್ಷ ಅವರೆ ಹಾಕುವಾಗ ಹತ್ತು ಸಾಲಿಗೊಂದು ಸಾಸಿವೆ ಚೆಲ್ಲಿ ನೋಡಿ. ಬೇಲಿಯ ಗೊಬ್ಬರದ ಗಿಡದ ಕುಡಿಯಲ್ಲಿ ಹೇನು ಕಂಡರೆ ಮಾತ್ರ ಬೇಗ ಸವರಿಹಾಕಿ, ಅದು ಇದೇ ಜಾತಿ, ಅಲ್ಲಿಂದ ಅವರೆಗೆ ಬರುತ್ತದೆ.

ಇನ್ನು ನಾಲ್ಕೈದು ದಿನದಲ್ಲಿ ಎಲೆಗಳ ಮೇಲೆ ಅಲ್ಲಾಡದೆ ಅಂಟಿಕೊಂಡ ಕಿತ್ತಳೆ ಕಪ್ಪು ಗುಬಟುಗಳು ಕಾಣುತ್ತವೆ, ಬುಡದಲ್ಲಿ ಮುದುಡಿದ ಹಳೇ ಪೊರೆ. ರೋಗ ಅಂತ ಆ ಎಲೆ ಕೀಳಬೇಡಿ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ, ಫಟ್ಟನೆ ಎದ್ದು ನಿಂತು ಮತ್ತೆ ಬಗ್ಗುತ್ತದೆ, ಅದು ಕೋಶ. ಅದೃಷ್ಟ ಇದ್ದರೆ ಅದರಿಂದ ಆಗ ತಾನೇ ಹೊರಗೆ ಬಂದ ಹುಳು ಸಿಗುತ್ತದೆ. ಮೆತ್ತಗೆ, ಮಾಸಲು ಹಳದಿ, ಗೀರೇ ಇರುವುದಿಲ್ಲ. ಹೊಸ ಜಾತಿ ಅಂದುಕೊಳ್ಳಬೇಡಿ, ಅಲ್ಲೇ ಬಿಟ್ಟು ಸಂಜೆ ಬಂದು ನೋಡಿ, ಗೀರು ಮೂಡಿರುತ್ತದೆ.